ಗಾಲಿಯ ಮೇಲೆ ಎಷ್ಟು ಮನೆ?

ಕಳೆದ ತಿಂಗಳು ನಮ್ಮ ಒಕ್ಕೂಟದ ಸಭೆಯಲ್ಲಿ ಚಹಾದ ಹೊತ್ತಿಗೆ ನಾನೊಂದು ಕಾಗದವನ್ನು ಗೆಳೆಯರ ಕೈಗೆ ಕೊಟ್ಟೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನೆಲೆಸಿರುವ ನನ್ನ ಸೋದರಳಿಯ ಕಳುಹಿಸಿದ ಪಟ್ಟಿ ಅದು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಕಚ್ಚಾ ದಾರಿಯಲ್ಲೂ ಸಾಗಬಲ್ಲ, ಇಬ್ಬರು ಮಲಗುವಷ್ಟು ಜಾಗವಿರುವ ಪುಟ್ಟ ಶಿಬಿರ-ಟ್ರೈಲರ್ ಒಂದನ್ನು ಆತ ಮಾಡಿಸಿಕೊಳ್ಳುತ್ತಿದ್ದಾನೆ. ಹೊರಮೈ, ಗಾಲಿ, ಅಚ್ಚು ಎಲ್ಲವೂ ನಿಗದಿಯಾಗಿವೆ. ಒಳಗೆ ಏನಿರಬೇಕೆಂಬುದು ಮಾತ್ರ ಕೊಳ್ಳುವವನ ಆಯ್ಕೆ. "ಮಾವ, ನೀವು ಮಣ್ಣು-ಮರ ಬಲ್ಲವರು. ಯಾವ ಹಲಗೆ, ಯಾವ ಹಾಸಿಗೆ, ಎಷ್ಟು ನೀರು ಎಂದು ಹೇಳಿ. ಮುಂದಿನ ಚಳಿಗಾಲದೊಳಗೆ ಅಮ್ಮ ಬರುತ್ತಾಳೆ" ಎಂದು ಬರೆದಿದ್ದ. ಸಭೆಯ ಹಿರಿಯರೊಬ್ಬರು ಆ ಕಾಗದವನ್ನು ಮಡಿಸಿ ನನಗೆ ಹಿಂತಿರುಗಿಸಿ, "ಇದು ಉಳ್ಳವರ ಆಟಿಕೆ. ನಮ್ಮ ಪತ್ರಿಕೆಗೆ ಇದರಿಂದ ಆಗಬೇಕಾದ್ದೇನು?" ಎಂದರು.

ಆಗಬೇಕಾದ್ದು ಬಹಳಷ್ಟಿದೆ ಎಂಬುದು ನನ್ನ ವಾದ. ಹಿರಿಯರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಅವರೊಡನೆ ಜಗಳವಾಡಲು ಈ ಲೇಖನ.

ಟ್ರೈಲರ್ ಮಾರುವವನೂ ನಮ್ಮ ಹಿರಿಯರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಒಳಾಂಗಣವೆಂದರೆ ಒಡೆಯನ ಸುಖದ ಪ್ರಶ್ನೆ, ಬಣ್ಣದ ಪ್ರಶ್ನೆ, ಅಭಿರುಚಿಯ ಪ್ರಶ್ನೆ ಎಂದು ಇಬ್ಬರೂ ಎಣಿಸಿದ್ದಾರೆ. ಒಬ್ಬರು ಅದನ್ನು ಮಾರುತ್ತಾರೆ, ಇನ್ನೊಬ್ಬರು ಅದನ್ನು ಹಳಿಯುತ್ತಾರೆ. ಆದರೆ ಎಲ್ಲಿಯ ಮರ ಕಡಿಯಲ್ಪಡುತ್ತದೆ, ಗಾಲಿಯ ಕೆಳಗಿನ ಮಣ್ಣಿಗೆ ಎಷ್ಟು ಭಾರ ಬೀಳುತ್ತದೆ, ಕೊಳೆನೀರು ಎಲ್ಲಿಗೆ ಹರಿಯುತ್ತದೆ ಎಂಬುದೆಲ್ಲ ಇತ್ಯರ್ಥವಾಗುವುದು ಆ ಡಬ್ಬಿಯ ಒಳಗೇ. ಹೊರಗೆ ಎಷ್ಟೇ ಹಸಿರು ಬಣ್ಣ ಬಳಿದರೂ ಒಳಗಿನ ಲೆಕ್ಕ ಬದಲಾಗದು.

ಈ ಬಂಡಿಯ ಹುಟ್ಟು ಬಡತನದಲ್ಲಿ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಸಾಮಾನ್ಯ ಜನ ತಮ್ಮ ಕಾರು ಕೊಟ್ಟಿಗೆಗಳಲ್ಲಿಯೇ ಕಣ್ಣೀರ ಹನಿಯ ಆಕಾರದ ಪುಟ್ಟ ಟ್ರೈಲರುಗಳನ್ನು ಕಟ್ಟಿಕೊಳ್ಳತೊಡಗಿದರು. ಅವುಗಳ ನಕ್ಷೆಗಳು ಕರಕುಶಲ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅಗಲ ನಾಲ್ಕು ಅಡಿ, ಉದ್ದ ಎಂಟು ಅಡಿ, ಏಕೆಂದರೆ ಪ್ಲೈವುಡ್ ಹಾಳೆಯ ಅಳತೆಯೇ ಅಷ್ಟು. ಒಳಗೆ ಹಾಸಿಗೆಯ ಹೊರತು ಬೇರೇನೂ ಇಲ್ಲ. ಅಡುಗೆ ಹಿಂಬದಿಯ ಮುಚ್ಚಳ ಎತ್ತಿ, ಹೊರಗೆ ನಿಂತು. ನಮ್ಮ ಕಡೆ ಜಾತ್ರೆಗೆ ಹೊರಡುತ್ತಿದ್ದ ಕಮಾನು ಗಾಡಿಯಲ್ಲಿಯೂ ಇದ್ದುದು ಇಷ್ಟೇ: ಹುಲ್ಲಿನ ಮೆತ್ತೆ, ಮೇಲೊಂದು ಜಮಖಾನ, ಅಡಿಯಲ್ಲಿ ತೂಗುವ ಲಾಟೀನು. ಇಂದು ಇದೇ ಹೆಸರಿನಲ್ಲಿ ಮಾರಾಟವಾಗುತ್ತಿರುವ ಬಂಡಿಯೊಳಗೆ ಹವಾನಿಯಂತ್ರಕ, ಸ್ನಾನದ ಮೂಲೆ, ಬಿಸಿನೀರಿನ ಯಂತ್ರ, ಟಿ.ವಿ., ನಾಲ್ಕು ಗೋಡೆಗೂ ಬಡಿದ ಕಪಾಟುಗಳಿವೆ. ಹೆಸರು ಮಾತ್ರ 'ಆಫ್-ರೋಡ್'.

ಮೊದಲು ಮರದ ಮಾತು. ಅಮೆರಿಕದ ಪ್ರವಾಸಿ ವಾಹನಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ. ಒಳಗೋಡೆಗೆ ಅಲ್ಲಿ ಹಲವು ದಶಕಗಳಿಂದ ರೂಢಿಯಲ್ಲಿರುವುದು ಮೂರು ಮಿಲಿಮೀಟರಿನಷ್ಟು ತೆಳುವಾದ, ಹಗುರವಾದ 'ಲವಾನ್' ಪ್ಲೈವುಡ್. ಹೆಸರು ಫಿಲಿಪ್ಪೀನ್ಸ್‌ನದು. ಶೋರಿಯಾ ಮತ್ತು ಅದರ ಒಡಹುಟ್ಟಿದ ಕುಲಗಳ ಮಳೆಕಾಡಿನ ಮಹಾವೃಕ್ಷಗಳವು. ಫಿಲಿಪ್ಪೀನ್ಸ್‌ನ ಕಾಡುಗಳು ಬರಿದಾದ ಮೇಲೆ ಕೊಡಲಿ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳತ್ತ ತಿರುಗಿತು. 1985ರಲ್ಲಿ ಇಂಡೋನೇಷ್ಯಾ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಫಲವಾಗಿ ಕಡಿತ ನಿಲ್ಲಲಿಲ್ಲ, ಪ್ಲೈವುಡ್ ಕಾರ್ಖಾನೆಗಳು ಬೆಳೆದವು. ಈ ವಂಶದ ಮರಗಳು ವರ್ಷವರ್ಷವೂ ಹೂಬಿಡುವುದಿಲ್ಲ. ಹಲವು ವರ್ಷಗಳಿಗೊಮ್ಮೆ, ಕಾಡಿಗೆ ಕಾಡೇ ಒಟ್ಟಾಗಿ ಹೂತು ಬೀಜ ಉದುರಿಸುತ್ತದೆ. ನಡುವೆ ತಾಯಿಮರಗಳನ್ನು ಕಡಿದರೆ ಮುಂದಿನ ಬೀಜದ ವರ್ಷಕ್ಕೆ ಬಿತ್ತುವವರೇ ಇರುವುದಿಲ್ಲ.

ನಮ್ಮ ಘಟ್ಟದ ಧೂಪದ ಮರವೂ ಇದೇ ವಂಶದ್ದು. ಅದೂ ಪ್ಲೈವುಡ್ಡಿಗೆ ಬಲಿಯಾದ ಮರವೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಆ ಜಿಲ್ಲೆಯ ಕಾಡನ್ನು ತಿಂದ ಉದ್ಯಮಗಳ ಸಾಲಿನಲ್ಲಿ ಕಾಗದದ ಗಿರಣಿಯೊಂದಿಗೆ ಪ್ಲೈವುಡ್ ಕಾರ್ಖಾನೆಯೂ ಇತ್ತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಅಂದು ನಾವು ಇಲ್ಲಿ ಅಪ್ಪಿಕೊಂಡ ಮರದ ದಾಯಾದಿ ಇಂದು ಬೋರ್ನಿಯೋದಿಂದ ಹೊರಟು ನನ್ನ ಅಳಿಯನ ತಲೆದಿಂಬಿನ ಪಕ್ಕದ ಗೋಡೆಯಾಗಲಿದೆ. ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನುವುದು ಹೇಗೆ?

ಹಲಗೆಯ ಅಂಟಿನದು ಬೇರೆಯೇ ಕಥೆ. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಮೆರಿಕ ಸರ್ಕಾರ ಲಕ್ಷಕ್ಕೂ ಮೀರಿ ಟ್ರೈಲರುಗಳನ್ನು ಹಂಚಿತು. ಒಳಗೆ ವಾಸಿಸಿದವರ ಕಣ್ಣು ಉರಿಯಿತು, ಮೂಗಿನಲ್ಲಿ ರಕ್ತ ಬಂತು, ಮಕ್ಕಳಿಗೆ ಉಬ್ಬಸ ಹತ್ತಿತು. 2006ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ತಾನೇ ಗಾಳಿ ಪರೀಕ್ಷೆ ಮಾಡಿ ಎಚ್ಚರಿಸಿತು. ಸರ್ಕಾರಿ ಆರೋಗ್ಯ ಸಂಸ್ಥೆ 2007ರ ಕೊನೆಗೆ ಮತ್ತು 2008ರ ಆರಂಭಕ್ಕೆ 519 ಟ್ರೈಲರ್ ಮತ್ತು ಸಂಚಾರಿ ಮನೆಗಳನ್ನು ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿಗೆ 77 ಭಾಗದಷ್ಟಿತ್ತು. ಅದೂ ಚಳಿಗಾಲದಲ್ಲಿ. ಬೇಸಗೆಯಲ್ಲಿ ಹಲಗೆ ಕಾದಷ್ಟೂ ಅನಿಲ ಹೆಚ್ಚು ಹೊಮ್ಮುತ್ತದೆ. ಪ್ಲೈವುಡ್, ಕಣಹಲಗೆಗಳಿಂದ ಹೊಮ್ಮುವ ಈ ಅನಿಲಕ್ಕೆ ಮಿತಿ ವಿಧಿಸುವ ಕಾನೂನು 2010ರಲ್ಲಿ ಬಂತು. ಸಂತ್ರಸ್ತರ ಶ್ವಾಸಕೋಶಗಳು ಬರೆಸಿದ ಕಾನೂನದು. ಅಳಿಯನಿಗೆ ನಾನು ಬರೆದದ್ದಿಷ್ಟು: ಫಾರ್ಮಾಲ್ಡಿಹೈಡ್ ಸೇರಿಸದೆ ಅಂಟಿಸಿದ ಹಲಗೆಯನ್ನೇ ಕೇಳು, ಮರದ ಜಾತಿ ಮತ್ತು ಮೂಲವನ್ನು ಬರವಣಿಗೆಯಲ್ಲಿ ಕೇಳು, ಉತ್ತರ ಬಾರದಿದ್ದರೆ ಲವಾನ್ ಎಂದೇ ತಿಳಿ. ಕಣಹಲಗೆ, ಎಂ.ಡಿ.ಎಫ್.ಗಳನ್ನಂತೂ ಒಳಗೆ ಬಿಡಬೇಡ. ಕಚ್ಚಾ ದಾರಿಯ ಕುಲುಕಾಟಕ್ಕೆ ಅವುಗಳಲ್ಲಿ ಸ್ಕ್ರೂ ನಿಲ್ಲದು, ತೇವಕ್ಕೆ ಅಂಚುಗಳು ಅವಲಕ್ಕಿಯಂತೆ ಉಬ್ಬುತ್ತವೆ.

ಇನ್ನು ತೂಕ. ಅಳಿಯನ ಪಟ್ಟಿಯನ್ನು ನಾನು ತಕ್ಕಡಿಗೆ ಹಾಕಿ ನೋಡಿದೆ. ಹದಿನೆಂಟು ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ ಹಾಳೆಯೊಂದು ಸುಮಾರು 36 ಕಿಲೊ. ಕಪಾಟುಗಳಿಗೆ ನಾಲ್ಕು ಹಾಳೆ ಎಂದರೆ 144. ಸೀಸದ ಬ್ಯಾಟರಿ ಎರಡು, 60. ನೀರು ನೂರು ಲೀಟರು, ಎಂದರೆ ನೂರು ಕಿಲೊ. ಚಾವಣಿಯ ಹವಾನಿಯಂತ್ರಕ 35, ಫ್ರಿಜ್ 20, ಸ್ನಾನದ ಮೂಲೆ ಮತ್ತು ಬಿಸಿನೀರಿನ ಯಂತ್ರ 20, ಟಿ.ವಿ. 5. ಒಟ್ಟು 384 ಕಿಲೊ. ಏಳೂವರೆ ಚೀಲ ಸಿಮೆಂಟು ಹೇರಿಕೊಂಡು ಅರಣ್ಯವಿಹಾರಕ್ಕೆ ಹೊರಟಂತಾಯಿತು! ನನ್ನ ಪಟ್ಟಿ ಬೇರೆ: ಹನ್ನೆರಡು ಮಿಲಿಮೀಟರಿನ ಎರಡು ಹಾಳೆ 48, ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12, ನೀರು 40, ಮತ್ತು ನಾನು ಒಲ್ಲದ, ಅವನು ಬಿಡದ ಫ್ರಿಜ್ 20. ಒಟ್ಟು 120. ವ್ಯತ್ಯಾಸ ಎರಡೂವರೆ ಕ್ವಿಂಟಾಲಿಗೂ ಮೇಲು.

ಕೃಷಿ ಸಂಶೋಧನೆಯಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರು ತುಳಿದ ಗದ್ದೆಗಳನ್ನು ನೋಡಿದವನು ನಾನು. ಮೇಲ್ಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಹೆಚ್ಚಾಗಿ ಟೈರಿನ ಗಾಳಿಯ ಒತ್ತಡ ನಿರ್ಧರಿಸುತ್ತದೆ. ಆ ಗಟ್ಟಿತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಅಚ್ಚಿನ ಮೇಲಿನ ಭಾರ ನಿರ್ಧರಿಸುತ್ತದೆ. ಮೇಲಿನದನ್ನು ಬೇರು, ಎರೆಹುಳು, ಮಳೆ-ಬಿಸಿಲು ನಿಧಾನವಾಗಿ ಸಡಿಲಿಸುತ್ತವೆ. ಆಳದ್ದು ವರ್ಷಗಟ್ಟಲೆ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಗಂಟಿದೆ. ಮರಳಿನಲ್ಲಿ, ಮೆತ್ತನೆಯ ನೆಲದಲ್ಲಿ ಟೈರಿನ ಗಾಳಿ ಇಳಿಸಿಕೊಂಡರೆ ಅದು ಅಗಲವಾಗಿ ಕುಳಿತು ನೆಲವನ್ನು ಕಡಿಮೆ ಒತ್ತುತ್ತದೆ. ಆದರೆ ಭಾರ ಹೆಚ್ಚಿದ ಬಂಡಿಯ ಗಾಳಿ ಹಾಗೆ ಇಳಿಸಲಾಗದು, ಟೈರು ತಾಳದು. ಆದ್ದರಿಂದ ಭಾರದ ಬಂಡಿ ಎರಡು ಬಾರಿ ಹಾನಿ ಮಾಡುತ್ತದೆ. ಹೂತುಕೊಂಡಾಗ ಮೂರನೆಯ ಬಾರಿ. ಹಿಂದಿನಿಂದ ಬಂದವರು ಅದನ್ನು ಬಳಸಿಕೊಂಡು ಪಕ್ಕದ ನೆಲದ ಮೇಲೆ ಹಾಯುತ್ತಾರೆ, ಒಂದು ಜಾಡು ನಾಲ್ಕಾಗುತ್ತದೆ.

ಅಳಿಯ ಹೋಗಬಯಸುವುದು ತನ್ನ ಊರಿನಿಂದ ಪಶ್ಚಿಮಕ್ಕೆ, ಯೂಟಾ ರಾಜ್ಯದ ಮೋವಾಬ್ ಸುತ್ತಲಿನ ಕೆಂಪು ಕಲ್ಲಿನ ಮರುಭೂಮಿಗೆ. ಕೆಲವು ವರ್ಷಗಳ ಹಿಂದೆ ಅಧ್ಯಯನ ಪ್ರವಾಸವೊಂದರಲ್ಲಿ ಆ ನೆಲವನ್ನು ಮಂಡಿಯೂರಿ ನೋಡಿದ್ದೇನೆ. ವರ್ಷಕ್ಕೆ 250 ಮಿಲಿಮೀಟರ್ ಮಳೆಯೂ ಇಲ್ಲ. ಮೇಲೆ ಕಪ್ಪಗೆ, ಸುಟ್ಟ ರೊಟ್ಟಿಯ ಹಾಗೆ ಉಬ್ಬುತಗ್ಗಾದ ಒಂದು ಪದರ. ಅದು ಜಡಮಣ್ಣಲ್ಲ. ನೀಲಿಹಸಿರು ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆಗಳು ಎಳೆಎಳೆಯಾಗಿ ಮರಳ ಕಣಗಳನ್ನು ಹೆಣೆದ ಜೀವಂತ ಹೊದಿಕೆ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವುದೂ, ಮಣ್ಣು ಹಾರಿಹೋಗದಂತೆ ಕಾಯುವುದೂ ಅದೇ. ಒಂದು ಗಾಲಿ ಹಾದರೆ ಸಾಕು. ಕಲ್ಲುಹೂವು-ಹಾವಸೆಗಳು ಮತ್ತೆ ಮೂಡಲು ದಶಕಗಳೇ ಬೇಕು. ಅಂಥ ನೆಲದ ಮೇಲೆ ಜಾಡು ಬಿಟ್ಟು ಒಂದು ಅಡಿಯೂ ಸರಿಯದಿರಬೇಕಾದರೆ ಬಂಡಿ ಹಗುರವಾಗಿರಬೇಕು, ಗಿಡ್ಡವಾಗಿರಬೇಕು, ಅಗತ್ಯ ಬಿದ್ದರೆ ಕೊಂಡಿ ಬಿಚ್ಚಿ ಇಬ್ಬರು ಕೈಯಿಂದ ತಿರುಗಿಸುವಂತಿರಬೇಕು. ಟಿ.ವಿ. ಇಟ್ಟ ಬಂಡಿ ಹಾಗೆ ತಿರುಗದು.

ತೂಕವನ್ನು ಎಲ್ಲಿ ಇಡುವುದೆಂಬುದೂ ಮುಖ್ಯ. ಒಟ್ಟು ಭಾರದ ಹತ್ತರಿಂದ ಹದಿನೈದು ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ಹಿಂಬದಿಯಲ್ಲಿ ಅಡುಗೆಯ ಕಟ್ಟೆ ಇರುವುದರಿಂದ ಜನ ಪಾತ್ರೆ, ನೀರು, ಫ್ರಿಜ್ ಎಲ್ಲವನ್ನೂ ಅಲ್ಲೇ ತುರುಕುತ್ತಾರೆ. ಇಳಿಜಾರಿನಲ್ಲಿ ಬಂಡಿ ಬಾಲ ಅಲ್ಲಾಡಿಸತೊಡಗಿದಾಗ ಮಾತ್ರ ಇದರ ಅರಿವಾಗುತ್ತದೆ. ನೀರಿನ ತೊಟ್ಟಿ ಅಚ್ಚಿನ ಮೇಲೆಯೋ ತುಸು ಮುಂದೆಯೋ, ಆದಷ್ಟು ತಗ್ಗಿನಲ್ಲಿ ಇರಲಿ. ಬ್ಯಾಟರಿ ಒಳಗೇ ಇರಲಿ. ಈ ಜಾತಿಯ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಬಾರದು, ಕೊಲೊರಾಡೊದ ರಾತ್ರಿಗಳು ಅದನ್ನು ಬಲ್ಲವು. ಲಿಥಿಯಂ ಗಣಿಗಾರಿಕೆಯ ಪಾಪ ನನಗೆ ಗೊತ್ತಿಲ್ಲವೆಂದಲ್ಲ. ಅದಕ್ಕಾಗಿಯೇ ಒಂದೇ ಸಾಕೆಂದೆ. ನೂರು ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿರುವುದು ಸುಮಾರು 1.28 ಯೂನಿಟ್ ವಿದ್ಯುತ್ತು. ದೀಪ, ಗಾಳಿಯಂತ್ರಗಳಿಗೆ ಅದು ದಿನಗಟ್ಟಲೆ ಬಂದೀತು. ಹವಾನಿಯಂತ್ರಕಕ್ಕೆ ಒಂದು ಗಂಟೆಯ ತುತ್ತು. ಆಗ ಜನರೇಟರ್ ಬರುತ್ತದೆ, ಕಣಿವೆಯ ಮೌನ ಅಲ್ಲಿಗೆ ಮುಗಿಯಿತು.

ಅದೇ ಪ್ರವಾಸದಲ್ಲಿ ಪರಿಚಿತರೊಬ್ಬರ ಟ್ರೈಲರಿನಲ್ಲಿ ನಾನೊಂದು ರಾತ್ರಿ ಕಳೆದೆ. ಬೆಳಿಗ್ಗೆ ಎದ್ದಾಗ ತಲೆಯ ಮೇಲಿನ ಅಲ್ಯೂಮಿನಿಯಂ ಪಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಾಸಿಗೆಯ ಅಡಿ ಒದ್ದೆ. ಮಳೆ ಬಂದಿರಲಿಲ್ಲ, ಅದು ನಮ್ಮದೇ ಉಸಿರು. ಇಬ್ಬರು ಮಲಗಿದರೆ ರಾತ್ರಿಯಲ್ಲಿ ಅರ್ಧದಿಂದ ಒಂದು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತಾರೆ. ಒಳಗೇ ಅನಿಲದ ಒಲೆ ಹಚ್ಚಿದರೆ ಇನ್ನೂ ಹೆಚ್ಚು: ಒಂದು ಕಿಲೊ ಪ್ರೊಪೇನ್ ಉರಿದರೆ 1.6 ಕಿಲೊ ನೀರಾವಿ ಹುಟ್ಟುತ್ತದೆ. ಗಾಳಿಯಾಡದಿದ್ದರೆ ಜೀವ ತೆಗೆಯುವ ಕಾರ್ಬನ್ ಮಾನಾಕ್ಸೈಡೂ. ಇದಕ್ಕೆ ಮಾರುಕಟ್ಟೆ ಕೊಡುವ ಉತ್ತರ ಇನ್ನೊಂದು ಯಂತ್ರ. ನನ್ನ ಉತ್ತರ ಎರಡು ಗಾಳಿಕಿಂಡಿ, ಒಂದು ತಗ್ಗಿನಲ್ಲಿ, ಒಂದು ಎದುರು ಮೂಲೆಯ ಎತ್ತರದಲ್ಲಿ. ಹಾಸಿಗೆಯ ಕೆಳಗೆ ಒಂದಂಗುಲ ಗಾಳಿಯಾಡುವಂತೆ ಮರದ ಪಟ್ಟಿಗಳು. ಅಡುಗೆ ಹೊರಗೆ. ಗೋಡೆಯ ಒಳಗೆ ಶಾಖ ತಡೆಯಲು ಪ್ಲಾಸ್ಟಿಕ್ ನೊರೆಯ ಬದಲು ಕುರಿಯ ಉಣ್ಣೆ. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವ ಹೀರಿಕೊಂಡೂ ಉಣ್ಣೆ ಬೆಚ್ಚಗಿರುತ್ತದೆ, ಬಿಸಿಲೇರಿದಾಗ ಆ ತೇವವನ್ನು ಮರಳಿ ಬಿಡುತ್ತದೆ, ಹಲಗೆಯ ಫಾರ್ಮಾಲ್ಡಿಹೈಡನ್ನೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಾಟಿ ಮಾಡಿದವರಿಗೆ ಇದನ್ನು ಪ್ರಯೋಗಾಲಯದಿಂದ ಸಾಬೀತುಪಡಿಸಿ ಹೇಳಬೇಕೆ?

ಇಷ್ಟು ಹೇಳಿದ ಮೇಲೆ "ಹಾಗಾದರೆ ಡೇರೆಯೇ ಸಾಕಲ್ಲ, ಟ್ರೈಲರೇ ಬೇಡ" ಎಂಬ ಗೆಳೆಯರ ಮಾತು ಬರುತ್ತದೆ. ನಮ್ಮ ಚಳವಳಿಯ ಹಳೆಯ ಚಾಳಿ ಇದು: ಬೇಡ ಎಂದುಬಿಟ್ಟರೆ ಲೆಕ್ಕ ಮಾಡುವ ಶ್ರಮ ತಪ್ಪುತ್ತದೆ. ಆ ಟ್ರೈಲರಿನಲ್ಲಿ ಮಲಗುವವಳು ನನ್ನ ಅಕ್ಕ. ಅರವತ್ತೆರಡು ವರ್ಷ, ನಲವತ್ತು ವರ್ಷ ಅಡಕೆ ಸುಲಿಯಲು ಕುಳಿತು ಸವೆದ ಮಂಡಿ. "ಏನೋ, ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ನನ್ನನ್ನು ಎಬ್ಬಿಸಲು ನೀನು ಬರುತ್ತೀಯಾ?" ಎಂದು ಅವಳು ಕೇಳಿದಾಗ ನನ್ನ ಬಳಿ ಸಿದ್ಧಾಂತ ಇರಲಿಲ್ಲ. ಸುಖದ ಹೆಸರಿನಲ್ಲಿ ಮಾರುವ ಸಾಮಾನುಗಳೇ ಬೇರೆ, ಒಂದು ದೇಹಕ್ಕೆ ಬೇಕಾದ ಅನುಕೂಲವೇ ಬೇರೆ. ಪಟ್ಟಿಯಲ್ಲಿ ಇಪ್ಪತ್ತೆರಡು ಬಗೆಯ ಅಲಂಕಾರಗಳಿದ್ದವು, ಹಿಡಿದು ಏಳಲು ಬಾಗಿಲ ಪಕ್ಕದಲ್ಲಿ ಒಂದು ಹಿಡಿಕೆ ಇರಲಿಲ್ಲ.

ಕಚ್ಚಾ ದಾರಿಯ ಟ್ರೈಲರಿನ ನೆಲವೇ ಭೂಮಿಯಿಂದ ಎರಡು ಅಡಿ ಮೇಲಿರುತ್ತದೆ. ಹಾಸಿಗೆಯನ್ನು ಬಾಗಿಲ ಅಂಚಿನವರೆಗೂ ತಂದರೆ ಅಂಚೇ ಕುರ್ಚಿಯಾಗುತ್ತದೆ: ಕಾಲು ಹೊರಗಿಟ್ಟು ಕುಳಿತು, ಒಂದು ಮೆಟ್ಟಿಲು ಇಳಿದರಾಯಿತು. ಬಾಗಿಲ ಕಡೆಯ ಮಗ್ಗುಲು ಅಕ್ಕನಿಗೆ, ಹಿಡಿಕೆಗೆ ಸ್ಕ್ರೂ ಬೇಡ, ಗೋಡೆಯನ್ನು ದಾಟಿದ ಬೋಲ್ಟು. ನಾಲ್ಕು ಅಂಗುಲದ ಗಟ್ಟಿ ಹಾಸಿಗೆ ಇರಲಿ, ಅದರ ತೂಕಕ್ಕೆ ನಾನು ಜಿಪುಣತನ ಮಾಡುವುದಿಲ್ಲ. ಮತ್ತು ಶೌಚಕ್ಕೆ ಎತ್ತಿ ಒಯ್ಯಬಲ್ಲ ಪೆಟ್ಟಿಗೆ ಇರಲೇಬೇಕು. ಮೋವಾಬ್ ಸುತ್ತಲಿನ ಹಲವು ಸಾರ್ವಜನಿಕ ನೆಲಗಳಲ್ಲಿ ಮಲವನ್ನು ಹೂಳುವಂತಿಲ್ಲ, ಹೊತ್ತು ತರಬೇಕು. ಒಣನೆಲದಲ್ಲಿ ಅದು ಕೊಳೆಯುವುದೇ ಇಲ್ಲ. ಸ್ನಾನದ ಮೂಲೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ನೂರು ಲೀಟರ್ ಒಯ್ದವನು ನೂರು ಲೀಟರ್ ಸಾಬೂನು ನೀರನ್ನು ಎಲ್ಲೋ ಚೆಲ್ಲಲೇಬೇಕು. ಹೊಳೆಯಿಂದ ಇನ್ನೂರು ಅಡಿ ದೂರವಿರಬೇಕೆಂಬ ನಿಯಮವನ್ನು ಕತ್ತಲಲ್ಲಿ ಅಳೆದವರನ್ನು ನಾನು ಕಂಡಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಎರಡು ದಿನಕ್ಕೆ ಯಾರೂ ಸಾಯುವುದಿಲ್ಲ.

ಕಪಾಟುಗಳ ಬದಲು ಕ್ಯಾನ್ವಾಸಿನ ಚೀಲಗಳು, ಎತ್ತಿ ತೆಗೆಯಬಲ್ಲ ಎರಡು ಪೆಟ್ಟಿಗೆಗಳು. ಪ್ರವಾಸ ಮುಗಿದ ಮೇಲೆ ಅವು ಮನೆಯೊಳಗೆ ಬಂದು ಕುಳಿತುಕೊಳ್ಳಲಿ. ಗೋಡೆಗೆ ಅಂಟಿಸಿ ಕಟ್ಟಿದ್ದು ಯಾವುದೂ ಇನ್ನೊಬ್ಬರ ಬಳಕೆಗೆ ಒದಗುವುದಿಲ್ಲ.

ನಮ್ಮ ಹಿರಿಯರಿಗೆ ಇನ್ನೊಂದು ಮಾತು. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಘೋಷಿಸಿತು, ಮರುವರ್ಷ ವಾಗಮಾನ್ ಬೆಟ್ಟದಲ್ಲಿ ಅದರ ತಂಗುದಾಣ ತೆರೆಯಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿಯೂ ಆ ಶಬ್ದವಿತ್ತು. ಅವು ತಂಗುದಾಣದಲ್ಲಿ ನಿಲ್ಲುವ ದೊಡ್ಡ ವಾಹನಗಳು. ಅವುಗಳ ಹಿಂದೆಯೇ ಈ ಪುಟ್ಟ ಟ್ರೈಲರುಗಳೂ ಬರುತ್ತವೆ; ಅವು ತಂಗುದಾಣಕ್ಕಲ್ಲ, ಗುಡ್ಡದ ನೆತ್ತಿಗೆ ಹೋಗುವುದಕ್ಕೆಂದೇ ಮಾಡಿದವು. ಯೂಟಾದ ಮರುಭೂಮಿಯಲ್ಲಿ ಗಾಲಿಯ ಜಾಡು ದಶಕಗಟ್ಟಲೆ ಗಾಯವಾಗಿ ಉಳಿದರೆ, 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಅದೇ ಜಾಡು ಒಂದೇ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ, ಎರಡನೆಯದರಲ್ಲಿ ಕೊರಕಲು. ಜೀಪುಗಳು ಮಾಡಿಟ್ಟ ಕೊರಕಲುಗಳನ್ನು ನಾವು ಬಾಬಾಬುಡನ್ ಗಿರಿಯ ಹುಲ್ಲುಗಾವಲುಗಳಲ್ಲಿ ನೋಡಿದ್ದೇವೆ. ಅಂದು ಗ್ರಾಮಸಭೆಯಲ್ಲಿ ಎದ್ದುನಿಂತು "ಬೇಡ" ಎಂದಷ್ಟೇ ಹೇಳಿದರೆ ಹೋಂಸ್ಟೇ ನಡೆಸುವ ನಮ್ಮದೇ ಹುಡುಗರು ನಗುತ್ತಾರೆ. ಎಷ್ಟು ಕಿಲೊ, ಎಷ್ಟು ಲೀಟರು, ಕೊಳೆನೀರಿನ ತೊಟ್ಟಿ ಎಲ್ಲಿದೆ, ಯಾವ ಜಾಡಿನಾಚೆ ಗಾಲಿ ಇಡುವಂತಿಲ್ಲ ಎಂದು ಕೇಳಬೇಕು. ಆ ಪ್ರಶ್ನೆಗಳನ್ನು ಕೇಳಲು ಆ ಡಬ್ಬಿಯ ಬಾಗಿಲು ತೆಗೆದು ಒಳಗೆ ನೋಡಿರಬೇಕು.

ಅಳಿಯ ಮೊನ್ನೆ ಮಾರೋಲೆ ಬರೆದಿದ್ದಾನೆ. ಹವಾನಿಯಂತ್ರಕ, ಟಿ.ವಿ., ಸ್ನಾನದ ಮೂಲೆ ಪಟ್ಟಿಯಿಂದ ಹೋಗಿವೆ. ಹಲಗೆಯ ಮೂಲವನ್ನು ಕೇಳಿದ್ದಕ್ಕೆ ತಯಾರಕರಿಂದ ಇನ್ನೂ ಉತ್ತರವಿಲ್ಲ. ಬಾರದಿದ್ದರೆ ಒಳಗೋಡೆಯನ್ನು ಬರಿದೇ ಬಿಡಿಸಿಕೊಂಡು, ಉಣ್ಣೆ ತುಂಬಿ, ಮೇಲೆ ಕ್ಯಾನ್ವಾಸು ಬಿಗಿಯುವುದಾಗಿ ಹೇಳಿದ್ದಾನೆ. ಅಕ್ಕ ಚಳ್ಳಕೆರೆಯ ಕಂಬಳಿಯೊಂದನ್ನು ಈಗಲೇ ಬಿಸಿಲಿಗೆ ಹಾಕಿದ್ದಾಳೆ. ಫ್ರಿಜ್ಜಿನ ವಿಷಯದಲ್ಲಿ ಒಮ್ಮತವಾಗಿಲ್ಲ. ಬಿಸಿಲಿನ ದಿನಕ್ಕೆ ಮೂವತ್ತು-ನಲವತ್ತು ಆಂಪಿಯರ್-ಗಂಟೆ ನುಂಗುವ ಅದಕ್ಕಾಗಿಯೇ ಸೌರಫಲಕ ಬೇಕಾಗುತ್ತದೆ, ಮಂಜುಗಡ್ಡೆಯ ಪೆಟ್ಟಿಗೆ ಸಾಕು ಎಂದು ನಾನು. ಅಮ್ಮನಿಗೆ ಮೊಸರಿಲ್ಲದೆ ಊಟವಾಗದು ಎಂದು ಅವನು.